ಹಕ್ಕಲಿನ ಲೆಕ್ಕ

ಅಧ್ಯಾತ್ಮ ಅನ್ನೋ ಮಾತು ಕಿವಿಗೆ ಬಿದ್ದರೆ ನಮ್ಮ ಗೆಳೆಯರಿಗೆ ಮೈ ಉರಿಯುತ್ತದೆ. ಉರಿಯಬೇಕಾದ್ದೇ. ಹೊಟ್ಟೆಗಿಲ್ಲದವನಿಗೆ ವೈರಾಗ್ಯ ಹೇಳಿ, ಬೆನ್ನು ಬಾಗಿದವನಿಗೆ ವಿನಯ ಹೇಳಿ, ಬಾಯಿ ಕಟ್ಟಿಸಿಕೊಂಡವನಿಗೆ ಮೌನ ಹೇಳಿ ಈ ದೇಶದಲ್ಲಿ ಬಹಳ ಮಂದಿ ಹೊಟ್ಟೆ ಹೊರೆದಿದ್ದಾರೆ. ಹಿಂದಿನ ಜನ್ಮದ ಲೆಕ್ಕ ತೋರಿಸಿ ಈ ಜನ್ಮದ ಕೂಲಿ ನುಂಗಿದ್ದಾರೆ. ಆದ್ದರಿಂದ ಚಳವಳಿಯ ಪತ್ರಿಕೆಯಲ್ಲಿ ಈ ಮಾತು ಎತ್ತುವವನು ಎರಡು ಏಟು ತಿನ್ನಲು ತಯಾರಾಗಿಯೇ ಬರಬೇಕು. ನಾನು ತಯಾರಾಗಿ ಬಂದಿದ್ದೇನೆ.

ನನ್ನ ತಕರಾರು ಇಷ್ಟೆ. ಒಳಗಿನ ಬದುಕು ಎಂಬ ಹೊಲವನ್ನು ಮಠದವರಿಗೆ, ಪುರೋಹಿತರಿಗೆ ಬರೆದುಕೊಟ್ಟವರು ಯಾರು? ದಿನವಿಡೀ ಬಗ್ಗಿ ಕಳೆ ತೆಗೆದ ಹೆಂಗಸು ರಾತ್ರಿ ಒಲೆಯ ಮುಂದೆ ಕೂತು ಇವತ್ತು ನಡೆದದ್ದು ಸರಿಯೋ ತಪ್ಪೋ ಎಂದು ತೂಗಿ ನೋಡುವುದಿಲ್ಲವೆ? ಅದಕ್ಕೆ ಕಾವಿ ಬೇಕೆ, ಸಂಸ್ಕೃತ ಬೇಕೆ? ಆ ಹೊಲ ನಮ್ಮದೂ ಹೌದು. ಅದರ ಪಹಣಿಯಲ್ಲಿ ನಮ್ಮ ಹೆಸರು ಯಾಕಿಲ್ಲ ಎಂದು ಕೇಳುವುದೂ ಬಂಡಾಯವೇ.

ನಮ್ಮ ರಾಯಚೂರು ಜಿಲ್ಲೆ ಬಿಸಿಲಿಗೆ, ಬರಕ್ಕೆ, ಗುಳೆಗೆ ಹೆಸರಾದದ್ದು. ೨೦೦೨ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ದೇವದುರ್ಗ ಈ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿತ್ತು. ಅದೇ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಬರಹವಿದೆ. ೧೯೧೫ರಲ್ಲಿ ಚಿನ್ನದ ಅದಿರು ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅದು ಬಿತ್ತು. ಅದರಲ್ಲಿ ಅಶೋಕನ ಹೆಸರಿದೆ ಎಂಬುದನ್ನು ಮೇಷ್ಟ್ರುಗಳು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಆದರೆ ಅದರ ತಿರುಳನ್ನು ಯಾರೂ ಹೇಳಿಕೊಡುವುದಿಲ್ಲ. ಧಮ್ಮದ ಫಲ ದೊಡ್ಡವರಿಗಷ್ಟೇ ಸಿಗುತ್ತದೆ ಎಂದು ತಿಳಿಯಬೇಡಿ, ಸಣ್ಣವನೂ ಅದನ್ನು ಮುಟ್ಟಬಲ್ಲ ಎಂಬುದು ಆ ಬರಹದ ತಾತ್ಪರ್ಯ. ಹನ್ನೆರಡನೆಯ ಶತಮಾನಕ್ಕೆ ಬಂದರೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಗಂಡಹೆಂಡಿರು ಕಲ್ಯಾಣಕ್ಕೆ ಹೋದರು. ನೆಲಕ್ಕೆ ಬಿದ್ದ ಅಕ್ಕಿ ಆರಿಸುವುದೇ ಅವರ ಕಾಯಕ. ಅವರ ಜೊತೆಗೆ ಹಗ್ಗ ಹೊಸೆದ ನುಲಿಯ ಚಂದಯ್ಯ, ಸೌದೆ ಮಾರಿದ ಮೋಳಿಗೆ ಮಾರಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಅಂಗಳ ಗುಡಿಸಿದ ಸತ್ಯಕ್ಕ, ಚರ್ಮದ ಕೆಲಸದ ಮಾದಾರ ಧೂಳಯ್ಯ. ಇವರೆಲ್ಲ ಕೈಯಲ್ಲಿದ್ದ ಹತಾರದಿಂದಲೇ ಮಾತು ಹುಟ್ಟಿಸಿದವರು. ಹದಿನೆಂಟನೆಯ ಶತಮಾನದಲ್ಲಿ ಮಾನ್ವಿಯ ಜಗನ್ನಾಥದಾಸರು ಹಾಡಿದರು. ಆ ಹಾಡುಗಳು ನಮ್ಮ ಕೇರಿಗೆ ಬಂದದ್ದು ಮಾತ್ರ ರೇಡಿಯೋದಿಂದ.

ಇಷ್ಟೆಲ್ಲ ಮನೆಯಲ್ಲೇ ಇದ್ದರೂ ನನ್ನ ಕಣ್ಣು ತೆರೆಸಿದ್ದು ದೂರದೇಶದ ಒಂದು ರದ್ದಿ ಪುಸ್ತಕ. ಕಾಲೇಜಿಗೆಂದು ರಾಯಚೂರಿನ ಹಾಸ್ಟೆಲಿನಲ್ಲಿದ್ದಾಗ, ತೀನ್ ಕಂದೀಲ್ ಕಡೆ ರಸ್ತೆಬದಿಯ ಹಳೆ ಪುಸ್ತಕದ ರಾಶಿಯಲ್ಲಿ ರಟ್ಟು ಕಿತ್ತ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ಬೇಸಿಗೆ ಪೂರ್ತಿ ಅದನ್ನು ಓದಿದೆ. ಕ್ವೇಕರರು ಎಂಬ ಕ್ರೈಸ್ತ ಪಂಥದವರ ಕಥೆ ಅದು. ಕ್ವೇಕರ್ ಎಂದರೆ ನಡುಗುವವನು ಎಂದರ್ಥ. ಬೇರೆಯವರು ಅಣಕಿಸಿ ಇಟ್ಟ ಹೆಸರು ಅದೇ ಉಳಿಯಿತು. ಅವರು ತಮ್ಮನ್ನು ಕರೆದುಕೊಳ್ಳುವುದು ಗೆಳೆಯರು ಎಂದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದನ್ನು ಕಟ್ಟಿದವರಲ್ಲಿ ಮುಖ್ಯನಾದ ಜಾರ್ಜ್ ಫಾಕ್ಸ್ ನೇಕಾರನ ಮಗ, ಜೋಡು ಹೊಲಿಯುವವನ ಕೈಕೆಳಗೆ ಕೆಲಸ ಕಲಿತವನು. ನಮ್ಮ ಸಮಗಾರ ಹರಳಯ್ಯನ ಕುಲಬಾಂಧವ ಅಂದುಕೊಂಡು ಖುಷಿಪಟ್ಟೆ.

ಇವರ ಸಭೆಯಲ್ಲಿ ಪೂಜಾರಿ ಇಲ್ಲ, ಗರ್ಭಗುಡಿ ಇಲ್ಲ, ಮಂತ್ರ ಇಲ್ಲ. ಸುಮ್ಮನೆ ಕೂರುತ್ತಾರೆ. ಯಾರಿಗೆ ಒಳಗಿನಿಂದ ಮಾತು ಬಂತೋ ಅವರು ಗಂಡಸಾಗಲಿ ಹೆಂಗಸಾಗಲಿ ಎದ್ದು ಹೇಳುತ್ತಾರೆ. ಬಾರದಿದ್ದರೆ ಸುಮ್ಮನೆಯೇ ಎದ್ದು ಹೋಗುತ್ತಾರೆ. ಪ್ರತಿ ಮನುಷ್ಯನ ಒಳಗೂ ಒಂದು ಬೆಳಕಿದೆ, ಅದು ದಿನನಿತ್ಯದ ಕೆಲಸದಲ್ಲಿ, ಅಂಗಡಿಯಲ್ಲಿ, ಊಟದಲ್ಲಿ, ಬಟ್ಟೆಯಲ್ಲಿ ಮಾತಾಡುತ್ತದೆ ಎಂಬುದು ಅವರ ನಂಬಿಕೆ. ಬೆಳಕಿನ ಮಾತು ಎಲ್ಲ ಮಠದಲ್ಲೂ ಇದೆ. ನನಗೆ ರುಚಿಸಿದ್ದು ಆ ಬೆಳಕಿನ ಕೈಯಲ್ಲಿ ಅವರು ಮಾಡಿಸಿದ ಸಣ್ಣಪುಟ್ಟ ಕೆಲಸಗಳು. ಆ ಕಾಲದ ಇಂಗ್ಲಿಷಿನಲ್ಲಿ ದೊಡ್ಡವರಿಗೆ ಬಹುವಚನ, ಬಡವರಿಗೆ ಏಕವಚನ. ಕ್ವೇಕರರು ನ್ಯಾಯಾಧೀಶನಿಗೂ ನೀನು ಎಂದೇ ಅಂದರು. ದೊಡ್ಡವರ ಮುಂದೆ ಟೊಪ್ಪಿಗೆ ತೆಗೆಯಲಿಲ್ಲ. ಇದಕ್ಕಾಗಿ ಜೈಲು ಕಂಡವರಿದ್ದಾರೆ. ತಮ್ಮ ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ದರ ಇಟ್ಟರು.

ಇದನ್ನು ಓದುವಾಗ ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ನಮ್ಮೂರು ದೇವದುರ್ಗ ತಾಲ್ಲೂಕಿನದು. ಮಳೆ ಕೈಕೊಟ್ಟ ವರ್ಷ ನಮ್ಮ ಕೇರಿಯ ಹೆಂಗಸರು ಗುಂಪು ಕಟ್ಟಿಕೊಂಡು ಮಾನ್ವಿ ಕಡೆ ಕಾಲುವೆ ಸೀಮೆಗೆ ನೆಲ್ಲಿನ ಸಸಿ ಹಚ್ಚಲು ಹೋಗುತ್ತಿದ್ದರು. ಅವ್ವ ನನ್ನನ್ನೂ ಕರೆದೊಯ್ಯುತ್ತಿದ್ದಳು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡು ನಾವು ಮಕ್ಕಳು ಬಾಯಿ ಬಿಡುತ್ತಿದ್ದೆವು. ಅಲ್ಲಿ ಧಣಿಯ ಆರು ವರ್ಷದ ಮಗ ಬದುವಿನ ಮೇಲೆ ನಿಂತು ನನ್ನವ್ವನಿಗೆ, "ಏ ಬಾರಲೇ ಇಲ್ಲಿ" ಅನ್ನುತ್ತಿದ್ದ. ನನ್ನವ್ವ ಕೆಸರುಗೈ ಸೀರೆಗೆ ಒರೆಸಿಕೊಂಡು, "ಬಂದೆನ್ರೀ ಸಣ್ಣ ಧಣಿ" ಅನ್ನುತ್ತಿದ್ದಳು. ನಮ್ಮೂರಲ್ಲಿ ಮೇಲಿನವರ ಓಣಿ ದಾಟುವಾಗ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಕ್ವೇಕರರು ತಲೆಯ ಮೇಲಿನ ಟೊಪ್ಪಿಗೆ ಉಳಿಸಿಕೊಳ್ಳಲು ಜಗಳ ಆಡಿದರು. ನಮ್ಮದು ಕಾಲಿನ ಕೆರದ ಜಗಳ. ಅವರು ಎಲ್ಲರಿಗೂ ನೀನು ಎಂದು ಕರೆದು ಮೇಲಿನವರನ್ನು ನೆಲಕ್ಕೆ ತಂದರು. ನಾವು ಅದೇ ನೆಲದಲ್ಲಿ ಕೂತು ಒಂದು 'ರೀ' ಬೇಡಬೇಕಾಯಿತು. ಸಮಾನತೆಯ ದಾರಿ ಒಂದೇ ಇರಬಹುದು, ಆದರೆ ಹತ್ತಿ ಬರುವವನಿಗೂ ಇಳಿದು ಬರುವವನಿಗೂ ಅದು ಒಂದೇ ರೀತಿ ಕಾಣುವುದಿಲ್ಲ.

ಆ ಪುಸ್ತಕದಲ್ಲಿ ಜಾನ್ ವೂಲ್ಮನ್ ಎಂಬವನ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ ೧೭೨೦ರಲ್ಲಿ ಹುಟ್ಟಿದವನು. ಇಪ್ಪತ್ತು ದಾಟಿದ ಹುಡುಗನಾಗಿದ್ದಾಗ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಒಂದು ದಿನ ಯಜಮಾನ ಒಬ್ಬ ಕಪ್ಪು ಹೆಂಗಸನ್ನು ಮಾರಿದ, ಅದರ ಕರಾರುಪತ್ರ ಬರೆಯೆಂದು ಈತನಿಗೆ ಹೇಳಿದ. ಕೊಳ್ಳುವವನು ಕ್ವೇಕರ್ ಮುದುಕನೇ, ಬಾಗಿಲಲ್ಲಿ ಕಾದು ನಿಂತಿದ್ದ. ವೂಲ್ಮನ್ ಬರೆದುಕೊಟ್ಟ. ಬರೆಯುವಾಗಲೇ ಕೈ ಭಾರವಾಯಿತು. ಗುಲಾಮರನ್ನಿಟ್ಟುಕೊಳ್ಳುವುದು ನಮ್ಮ ಧರ್ಮಕ್ಕೆ ಸಲ್ಲದು ಎಂದು ಇಬ್ಬರ ಎದುರಿಗೂ ಹೇಳಿದ. ಆಮೇಲೆ ಅಂಥ ಪತ್ರ ಬರೆಯಲು ಒಪ್ಪಲಿಲ್ಲ. ಕೈಹಿಡಿದಿದ್ದ ಅಂಗಡಿ ವ್ಯಾಪಾರ ಬಿಟ್ಟು ದರ್ಜಿ ಕೆಲಸ ಹಿಡಿದ. ಗುಲಾಮರಿದ್ದ ಮನೆಯಲ್ಲಿ ಉಂಡರೆ, ಉಳಿದರೆ, ಅವರ ಚಾಕರಿಗೆ ಕೂಲಿ ಕೊಟ್ಟು ಹೊರಡುತ್ತಿದ್ದ. ೧೭೭೨ರಲ್ಲಿ ಇಂಗ್ಲೆಂಡಿಗೆ ಹೋದಾಗ ಕುದುರೆಗಾಡಿ ಹತ್ತದೆ ನಡೆದೇ ಹೋದ. ಆ ಗಾಡಿಗಳ ವೇಗಕ್ಕೆ ಕುದುರೆಗಳೂ ಗಾಡಿಯ ಹುಡುಗರೂ ಸಾಯುತ್ತಿದ್ದರು. ಆ ವರ್ಷವೇ ಯಾರ್ಕ್ ಎಂಬ ಊರಲ್ಲಿ ಸಿಡುಬು ತಗುಲಿ ತೀರಿಕೊಂಡ.

ಇದನ್ನು ಓದಿದ ರಾತ್ರಿ ನನಗೆ ನಮ್ಮಪ್ಪನ ಪಾದ ನೆನಪಾಯಿತು.

ಅಪ್ಪ ರಾಯಚೂರು ಪ್ಯಾಟಿಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಅಡತಿ ಅಂಗಡಿಯವರು ಇವನ ನಂಬಿಗಸ್ತಿಕೆ ನೋಡಿ ಚೀಲ ಹೊರುವುದು ಬಿಡಿಸಿ ತಕ್ಕಡಿಯ ಹತ್ತಿರ ನಿಲ್ಲಿಸಿದರು. ಹೊರುವುದಕ್ಕಿಂತ ಹಗುರ ಕೆಲಸ, ಕೂಲಿಯೂ ನಾಲ್ಕಾಣೆ ಜಾಸ್ತಿ. ಒಂದು ದಿನ ಸಾವ್ಕಾರ ಮೆಲ್ಲಗೆ ಹೇಳಿದ, ಶೇಂಗಾ ಚೀಲ ಇಟ್ಟಾಗ ಹಲಗೆಯ ಕೆಳಗೆ ಪಾದದ ತುದಿ ಕೊಡು ಎಂದು. ತುದಿ ಕೊಟ್ಟರೆ ಚೀಲಕ್ಕೆ ಎರಡು ಕಿಲೋ ಕಡಿಮೆ ತೂಗುತ್ತದೆ. ಅಪ್ಪ ಆ ದಿನ ಕೊಟ್ಟ. ಸಂಜೆ ಗುಡಿಸಲಿಗೆ ಬಂದು ರೊಟ್ಟಿ ಮುರಿದು ಹಾಗೇ ಇಟ್ಟ. ಮರುದಿನ ಹೋಗಿ, "ಸಾವ್ಕಾರ್ರೆ, ಕಾಟಾದ ಕೆಲ್ಸ ಬ್ಯಾಡ್ರಿ, ಹೊರೂ ಕೆಲ್ಸನ ಕೊಡ್ರಿ" ಎಂದ. ಯಾಕೆ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಸಾಯುವ ತನಕ ನೂರು ಕಿಲೋ ಚೀಲ ಬೆನ್ನ ಮೇಲೆ ಹೊತ್ತ.

ಆವತ್ತು ತೂಕದಲ್ಲಿ ಸೋತ ರೈತ ಯಾರು ಗೊತ್ತೆ? ನಮ್ಮ ಊರ ಕಡೆಯವನೇ. ನಮ್ಮಪ್ಪ ಅಂಗಳಕ್ಕೆ ಕಾಲಿಟ್ಟರೆ ಸಗಣಿ ಸಾರಿಸುವ ಮನೆಯವನು. ನಾನು ಬುದ್ಧಿ ಬಂದ ಮೇಲೆ ಕೇಳಿದೆ, "ಅಂಥವನ ಸಲುವಾಗಿ ಬೆನ್ನು ಮುರ್ಕೊಂಡ್ಯಲ್ಲಪ್ಪ, ಅಂವ ನಿನ್ನ ಮನಷ್ಯಾ ಅಂತ ಕಂಡಿದ್ನೇನು?" ಅಪ್ಪ ಬೀಡಿ ಆರಿಸಿ ಹೇಳಿದ, "ಅಂವ ನನ್ನ ಅಂಗಳದಾಗ ಬಿಟ್ಟಿಲ್ಲ, ಖರೆ. ಅದಕ್ಕ ತಕ್ಕಡಿ ಏನ್ ಮಾಡೈತಿ?"

ಅಪ್ಪ ಬರೆಯಲು ಬಾರದವನು. ವೂಲ್ಮನ್ ದಿನಚರಿ ಬರೆದ, ೧೭೭೪ರಲ್ಲಿ ಅದು ಅಚ್ಚಾಯಿತು, ಇವತ್ತೂ ಜನ ಓದುತ್ತಾರೆ. ಅಪ್ಪನ ದಿನಚರಿ ಅವನ ಬೆನ್ನುಹುರಿಯಲ್ಲಿತ್ತು, ಮಣ್ಣಿಗೆ ಹೋಯಿತು. ಆದರೆ ಇಬ್ಬರಿಗೂ ಆದದ್ದು ಒಂದೇ. ಯಜಮಾನನ ಅನ್ಯಾಯಕ್ಕೆ ತನ್ನ ಕೈ, ತನ್ನ ಕಾಲು ಹತಾರವಾಯಿತು ಎಂದು ಅವರಿಗೆ ಹೊಳೆಯಿತು. ಹೊಳೆದ ಮೇಲೆ ಅದಕ್ಕೆ ಬೆಲೆ ತೆತ್ತರು. ದಿನದ ಬದುಕಿನಿಂದ ಹುಟ್ಟುವ ಅಧ್ಯಾತ್ಮ ಎಂದು ನಾನು ಕರೆಯುವುದು ಇದನ್ನು. ಬೆಲೆ ತೆರದೆ ಬರೀ ಕಣ್ಣುಮುಚ್ಚಿ ಕೂತವನದು ಮಧ್ಯಾಹ್ನದ ನಿದ್ದೆ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ನೀತಿಕಥೆಯಾಗುತ್ತದೆ. ನಮ್ಮ ಪ್ರಶ್ನೆ ಮುಂದಿದೆ. ವೂಲ್ಮನ್ ಬರೆದ ಆ ಪತ್ರದಲ್ಲಿ ಮಾರಾಟವಾದ ಹೆಂಗಸಿನ ಹೆಸರೇನು? ಅವನ ದಿನಚರಿಯಲ್ಲಿ ಅದಿಲ್ಲ. ಗುಮಾಸ್ತನಿಗೆ ಬೆಳಕು ಕಂಡಿತು, ಸರಿ. ಆದರೆ ಪತ್ರ ಬರೆದಾಗಿತ್ತು, ಆಕೆ ಹೊಸ ಯಜಮಾನನಿಗೆ ಸೇರಿಯಾಗಿತ್ತು. ಆವತ್ತು ರಾತ್ರಿ ಆಕೆಯ ಒಳಗೆ ಏನು ಹೊತ್ತಿ ಉರಿಯಿತು ಎಂದು ಯಾವ ಪುಸ್ತಕ ಹೇಳುತ್ತದೆ? ಮೇಲಿನವರು ಈ ಕಥೆ ಓದಿದರೆ ಗುಮಾಸ್ತನ ಜಾಗದಲ್ಲಿ ನಿಂತು ಓದುತ್ತಾರೆ. ನಾವು ಓದುವಾಗ ನಮ್ಮ ಕಾಲು ತಾನಾಗಿ ಆ ಹೆಂಗಸಿನ ಜಾಗಕ್ಕೆ ಹೋಗಿ ನಿಲ್ಲುತ್ತದೆ.

ಒಳಗಿನ ಬೆಳಕು ಎಂದವರಿಗೂ ಅದು ಹೊರಗೆ ಬರಲು ಎಷ್ಟು ಕಾಲ ಹಿಡಿಯಿತು ನೋಡಿ. ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ಗುಲಾಮಗಿರಿ ತಪ್ಪು ಎಂದು ಕ್ವೇಕರ್ ಸಭೆಗೆ ಬರೆದುಕೊಟ್ಟದ್ದು ೧೬೮೮ರಲ್ಲಿ. ಗುಲಾಮರನ್ನು ಇಟ್ಟುಕೊಂಡವರು ನಮ್ಮ ಸಂಘದಲ್ಲಿರಕೂಡದು ಎಂದು ಫಿಲಡೆಲ್ಫಿಯಾದ ಸಭೆ ತೀರ್ಮಾನಿಸಿದ್ದು ೧೭೭೬ರಲ್ಲಿ. ನಡುವೆ ೮೮ ವರ್ಷ. ಅಷ್ಟಾದ ಮೇಲಾದರೂ ಮುಗಿಯಿತೆ? ಅದೇ ಫಿಲಡೆಲ್ಫಿಯಾದಲ್ಲಿ ಸಾರಾ ಮ್ಯಾಪ್ಸ್ ಡಗ್ಲಾಸ್ ಎಂಬ ಕಪ್ಪು ಹೆಣ್ಣುಮಗಳು ಟೀಚರಾಗಿದ್ದಳು, ತನ್ನ ಜನರ ಹುಡುಗಿಯರಿಗೆ ಶಾಲೆ ನಡೆಸುತ್ತಿದ್ದಳು. ೧೮೩೭ರಲ್ಲಿ ಆಕೆ ಒಂದು ಕಾಗದ ಬರೆದಳು. ಕ್ವೇಕರ್ ಸಭೆಯಲ್ಲಿ ತನಗೂ ತನ್ನ ತಾಯಿಗೂ ಬೇರೆ ಬೆಂಚು ತೋರಿಸಿದ್ದನ್ನು, ಬಿಳಿಯರು ಯಾರೂ ಅಲ್ಲಿ ಕೂರದಂತೆ ಆ ಬೆಂಚಿನ ಎರಡು ತುದಿಗೆ ಒಬ್ಬೊಬ್ಬರು ಕೂತು ಕಾವಲು ಕಾದದ್ದನ್ನು ಅದರಲ್ಲಿ ತೋಡಿಕೊಂಡಳು. ಅದೇ ಸಭೆ, ಅದೇ ಮೌನ. ಆದರೆ ಬೆಂಚಿನ ತುದಿಯಲ್ಲಿ ಕೂತವನ ಮೌನವೂ ನಡುವೆ ಕೂತ ಆ ಹುಡುಗಿಯ ಮೌನವೂ ಒಂದೇ ಏನು?

ಮೌನದ ಮಾತಿಗೆ ಬಂದರೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಮಾನ್ವಿಯ ಗದ್ದೆಯಲ್ಲಿ ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು. ಕುಡಿಯುವ ನೀರಿಗೆ ಮಾತ್ರ ಹೆಂಗಸರು ಸಾಲಾಗಿ ಬೊಗಸೆ ಹಿಡಿದು ಬಗ್ಗಬೇಕು. ಆಳುಮಗ ಮಾರುದ್ದ ಎತ್ತರದಿಂದ ಸುರಿಯುತ್ತಿದ್ದ. ಅರ್ಧ ಬಾಯಿಗೆ, ಅರ್ಧ ಎದೆಗೆ. ಯಾರೂ ಮಾತಾಡುತ್ತಿರಲಿಲ್ಲ. ಒಂದು ದಿನ ಅವ್ವ ಬದುವಿನ ಮೇಲೆ ರೊಟ್ಟಿ ಬಿಚ್ಚುತ್ತ ನನಗಷ್ಟೇ ಕೇಳುವಂತೆ ಅಂದಳು, "ನೋಡಪಾ, ನೀರು ಎಷ್ಟ್ ದೂರದಿಂದ ಇಳ್ದು ನಮ್ತನ ಬಂತು. ಮನಷ್ಯಾನ ಕೈ ಒಂದ್ ಗೇಣ್ ಇಳೀಲಿಲ್ಲ." ಆಮೇಲೆ ಪುಂಡಿಪಲ್ಯ ಹಂಚಿದಳು. ದೇವರ ಹೆಸರು ಹೇಳಲಿಲ್ಲ, ಕರ್ಮ ಅನ್ನಲಿಲ್ಲ. ಅದು ನನಗೆ ಬೈಬಲ್ಲಿಗೂ ಮಿಗಿಲು, ಪುರಾಣಕ್ಕೂ ಮಿಗಿಲು.

ಹೇರಿದ ಮೌನ ಒಡೆದದ್ದು ಹೇಗೆ ಎಂಬುದನ್ನೂ ಕಂಡಿದ್ದೇನೆ. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ೧೯೭೪ರ ಸುಮಾರಿಗೆ, ಅತ್ತ ಭದ್ರಾವತಿಯ ಕಡೆ, ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ. ಅದರ ಹಾಡು, ಹಲಗೆಯ ಸದ್ದು ನಮ್ಮ ಕೇರಿ ಮುಟ್ಟುವಾಗ ಎಂಬತ್ತರ ದಶಕ ಶುರುವಾಗಿತ್ತು. ಮೊದಲ ಸಭೆ. ಹುಡುಗರು ಭಾಷಣ ಮಾಡಿ ಮುಗಿಸಿದರು. ಯಾರಾದ್ರೂ ಮಾತಾಡ್ರಿ ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಲಾಟೀನಿನ ಬತ್ತಿ ಸುರ್ ಅನ್ನುತ್ತಿತ್ತು. ಆಗ ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ, ಹುಟ್ಟಿದಾಗಿಂದ ಸಭೆಯಲ್ಲಿ ಬಾಯಿ ಬಿಡದವಳು, ಎದ್ದು ನಿಂತು ಒಂದೇ ಮಾತು ಕೇಳಿದಳು. "ಎಲ್ಲಾ ಖರೆ ಐತಿ ತಮ್ಮಾ. ನಮ್ ಕೂಲಿ ಲೆಕ್ಕ ಯಾರ್ ಬರೀತಾರ?"

ಆ ಮಾತಿಗೆ ಭಾಷಣಕಾರರ ಹತ್ತಿರ ಉತ್ತರ ಇರಲಿಲ್ಲ. ಕೇರಿಯಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದವನು ನಾನೊಬ್ಬ. ಮರುದಿನದಿಂದ ಒಂದು ನೋಟುಬುಕ್ಕಿನಲ್ಲಿ ಯಾರು ಎಷ್ಟು ದಿನ ಯಾರ ಹೊಲಕ್ಕೆ ಹೋದರು, ಎಷ್ಟು ಜೋಳ ಬಂತು, ಎಷ್ಟು ಬಾಕಿ ಎಂದು ಬರೆಯತೊಡಗಿದೆ. ಆ ವರ್ಷದ ಸುಗ್ಗಿಯಲ್ಲಿ ಮೊದಲ ಸಲ ನಮ್ಮ ಹೆಂಗಸರು ಹಾಳೆ ತೋರಿಸಿ ಬಾಕಿ ಕೇಳಿದರು. ಒಂದು ಕಾಲದಲ್ಲಿ ಒಬ್ಬ ಗುಮಾಸ್ತ ಹೆಂಗಸಿನ ಮಾರಾಟಪತ್ರ ಬರೆದ. ಇಲ್ಲಿ ಹೆಂಗಸರೇ ಒಬ್ಬ ಹುಡುಗನ ಕೈಯಲ್ಲಿ ತಮ್ಮ ದುಡಿಮೆಯ ಪತ್ರ ಬರೆಸಿದರು, ಪ್ರತಿ ಸಾಲಿನಲ್ಲೂ ಹೆಸರು ಹಾಕಿಸಿದರು. ಆ ಮುದುಕಿ ಎದ್ದು ನಿಂತ ಗಳಿಗೆ ಯಾವ ಕ್ವೇಕರ್ ಸಭೆಗೂ ಕಡಿಮೆಯದಲ್ಲ. ಒಳಗಿನಿಂದ ಮಾತು ಬಂದಾಗ ಅದು ಮುಗಿಲಿನ ಕಡೆಗಲ್ಲ, ಕೂಲಿಯ ಕಡೆಗೆ ಕೈ ತೋರಿಸಿತು, ಅಷ್ಟೇ ವ್ಯತ್ಯಾಸ.

ಇನ್ನು ಹಕ್ಕಲಿನ ಮಾತು. ನನ್ನ ಮನಸ್ಸಿನಲ್ಲಿ ಇವತ್ತಿಗೂ ಕುದಿಯುವ ಗಂಟು ಇದು.

ಜೋಳದ ಹೊಲ ಕೊಯ್ದು ಸಾಗಿಸಿದ ಮೇಲೆ ಬಿದ್ದ ತೆನೆ ಆರಿಸಿಕೊಳ್ಳುವುದನ್ನು ನಮ್ಮಲ್ಲಿ ಹಕ್ಕಲು ಆಯುವುದು ಅನ್ನುತ್ತೇವೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಪರೀಕ್ಷೆಗೆಂದು ಹೆಚ್ಚು ಚೆಲ್ಲಿಸಿದ್ದರು ಎನ್ನುತ್ತಾರೆ. ಇದು ನಮ್ಮ ಪಾಲಲ್ಲ ಎಂದು ಲಕ್ಕಮ್ಮ ಗಂಡನನ್ನು ಗದರಿಸಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಇದನ್ನು ಹೇಳಿ ಎಷ್ಟೋ ಜನ ನಮ್ಮ ಹೆಂಗಸರಿಗೆ ಆಸೆ ಬಿಡಿರವ್ವ ಎಂದು ಉಪದೇಶ ಮಾಡುತ್ತಾರೆ.

ನನ್ನವ್ವನ ಹಕ್ಕಲಿಗೂ ಪರೀಕ್ಷೆ ಬಂದಿತ್ತು. ಒಂದು ವರ್ಷ ಒಬ್ಬ ಧಣಿಯ ಹೊಲದ ಮೂಲೆಯಲ್ಲಿ, ಬದುವಿನ ಹತ್ತಿರ, ತುಂಬಿದ ತೆನೆಗಳ ಒಂದು ಕಟ್ಟು ಬಿದ್ದಿತ್ತು. ನಾನು ಓಡಿದೆ. ಅವ್ವ ತೋಳು ಹಿಡಿದು ಚಿವುಟಿದಳು. "ಬಿದ್ದದ್ದು ನಮ್ದು. ಬೀಳ್ಸಿದ್ದು ನಮ್ದಲ್ಲ." ಅತ್ತ ಬೇವಿನ ಮರದ ಕೆಳಗೆ ಕಾವಲುಗಾರ ಕಂಬಳಿ ಹೊದ್ದು ಮಲಗಿದ ನಾಟಕ ಆಡುತ್ತಿದ್ದ. ಅದೇ ಸುಗ್ಗಿಯಲ್ಲಿ ನಮ್ಮ ಕೇರಿಯ ಇನ್ನೊಬ್ಬಳು ಅಂಥದೇ ಕಟ್ಟು ಎತ್ತಿ, ಕಳ್ಳಿ ಅನ್ನಿಸಿಕೊಂಡು ಚಾವಡಿಯ ಕಂಬಕ್ಕೆ ಕಟ್ಟಿಸಿಕೊಂಡಳು. ಲಕ್ಕಮ್ಮನಿಗೆ ಅಕ್ಕಿ ಚೆಲ್ಲಿದ್ದು ಪ್ರೀತಿಯ ಪರೀಕ್ಷೆ. ನಮ್ಮವರಿಗೆ ತೆನೆ ಬೀಳಿಸಿದ್ದು ಬೋನು.

ದೊಡ್ಡವನಾದ ಮೇಲೆ ಕೇಳಿದೆ, "ಆವತ್ತು ನಿನಗ ಆಸಿ ಆಗ್ಲಿಲ್ಲೇನ್ಬೇ?" ಅವ್ವ ನಕ್ಕಳು. "ಆಸಿ ಯಾಕಾಗಂಗಿಲ್ಲ? ಹೊಟ್ಟಿ ಇದ್ದ ಮ್ಯಾಲ ಆಸಿ ಇದ್ದೇ ಇರ್ತೈತಿ. ಆಸಿಕಿಂತ ಅಂಜಿಕಿ ದೊಡ್ದಿತ್ತು." ಸ್ವಲ್ಪ ಹೊತ್ತು ಬಿಟ್ಟು ತಾನೇ ಮುಂದುವರಿಸಿದಳು. "ಆದ್ರ ಆ ಬದುವಿನಾಚೆ ಹೊಲ ನೆಪ್ಪೈತೇನು? ಅಲ್ಲಿ ಯಾರೂ ಕಾಯ್ತಿರ್ಲಿಲ್ಲ. ಮಕ್ಕಳಿಲ್ಲದ ಮುದುಕಿ ಒಬ್ಬಾಕಿ ಅಲ್ಲೇ ಹಕ್ಕಲು ಆಯ್ತಿದ್ಲು. ಅಕಿ ಕೈ ಸಾಗ್ತಿರ್ಲಿಲ್ಲ. ನಾ ಅಲ್ಲಿ ಹೋಗ್ತಿರ್ಲಿಲ್ಲ. ಅದು ಅಂಜಿಕಿ ಅಲ್ಲ."

ಎರಡು ಹೊಲ. ಎರಡರಲ್ಲೂ ಅವ್ವ ತೆನೆ ಎತ್ತಲಿಲ್ಲ. ಹೊರಗಿನಿಂದ ನೋಡಿದವನಿಗೆ ಎರಡೂ ಒಂದೇ, ಸಂತೃಪ್ತಿ, ನಿರಾಸೆ, ಶರಣಧರ್ಮ. ಒಳಗೆ ಇದ್ದವಳಿಗೆ ಗೊತ್ತು, ಒಂದು ಅಂಜಿಕೆ, ಇನ್ನೊಂದು ಕರುಣೆ. ನಮ್ಮ ಜನರನ್ನು ಇಷ್ಟು ಶತಮಾನ ಮೋಸ ಮಾಡಿದ ವಿದ್ಯೆಯೇ ಇದು. ಮೊದಲನೆಯ ಹೊಲದ ಅಂಜಿಕೆಗೆ ಎರಡನೆಯ ಹೊಲದ ಕರುಣೆಯ ಹೆಸರಿಟ್ಟು ಹೊಗಳುವುದು. ಎತ್ತಿಕೊಳ್ಳುವ ಹಕ್ಕಿಲ್ಲದವನು ಬಿಟ್ಟದ್ದು ತ್ಯಾಗವಲ್ಲ. ಹಕ್ಕು ಇದ್ದೂ ಬಿಟ್ಟರೆ ಮಾತ್ರ ಅದು ತ್ಯಾಗ. ಆದರೆ ನಮ್ಮ ಚಳವಳಿಯೂ ಇನ್ನೊಂದು ಕಡೆಯಿಂದ ಕಣ್ಣು ಮುಚ್ಚಬಾರದು. ಎಲ್ಲವನ್ನೂ ಅಂಜಿಕೆ, ಎಲ್ಲವನ್ನೂ ಗುಲಾಮಗಿರಿ ಎಂದು ಬರೆದುಬಿಟ್ಟರೆ ಎರಡನೆಯ ಹೊಲದಲ್ಲಿ ನಿಂತ ಅವ್ವನನ್ನು ನಾವೇ ಅಳಿಸಿಹಾಕುತ್ತೇವೆ. ಅಂಜಿಕೆ ತುಂಬಿದ ಬದುಕಿನ ನಡುವೆಯೂ ಆಕೆ ಒಂದು ತುಂಡು ನೆಲದಲ್ಲಿ ಸ್ವತಂತ್ರಳಾಗಿದ್ದಳು. ಅದನ್ನು ಆಕೆಗೆ ಯಾವ ಮಠವೂ ಕಲಿಸಿರಲಿಲ್ಲ.

ಬಾಬಾಸಾಹೇಬರು ತಮ್ಮ ಕೊನೆಯ ದೊಡ್ಡ ಪುಸ್ತಕದಲ್ಲಿ, ಅವರು ತೀರಿಕೊಂಡ ಮರುವರ್ಷ ೧೯೫೭ರಲ್ಲಿ ಅಚ್ಚಾದ ಬುದ್ಧ ಮತ್ತು ಆತನ ಧಮ್ಮದಲ್ಲಿ, ಇದೇ ಮಾತನ್ನು ಬೇರೆ ರೀತಿ ಹೇಳಿದ್ದಾರೆ. ಒಬ್ಬನೇ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರು ಕೂಡಿ ಬಾಳಬೇಕೆಂದಾಗ ಧಮ್ಮ ಬೇಕು ಎಂಬುದು ಅವರ ವಾದದ ಸಾರ. ಹಕ್ಕಲಿನ ಹೊಲದಲ್ಲಿ ಅವ್ವ ಮತ್ತು ಆ ಮುದುಕಿ ಇಬ್ಬರಿದ್ದರು. ತಕ್ಕಡಿಯ ಎರಡು ಬದಿಗೆ ಅಪ್ಪ ಮತ್ತು ಆ ರೈತ ಇಬ್ಬರಿದ್ದರು. ಧಮ್ಮಕ್ಕೆ ಅಷ್ಟು ಜನ ಸಾಕು.

ಇದನ್ನೆಲ್ಲ ಈಗ ಯಾಕೆ ಬರೆಯಬೇಕಾಯಿತು ಎಂದರೆ, ಕಾಲ ಕೊಂಚ ತಿರುಗಿದೆ. ಹೋರಾಟದಿಂದ, ಸಂವಿಧಾನದಿಂದ ಒಂದಷ್ಟು ಹಕ್ಕು ಕೈಗೆ ಬಂದಿವೆ. ೧೯೯೩ರ ಪಂಚಾಯತಿ ತಿದ್ದುಪಡಿಯ ನಂತರ ನಮ್ಮ ಕೇರಿಗಳಿಂದಲೂ ಅಧ್ಯಕ್ಷರಾದರು. ೨೦೦೫ರ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಕೂಲಿಯ ಹಾಜರಿ ಪಟ್ಟಿಗೆ ಸಹಿ ಹಾಕುವ ಕೈಗಳಲ್ಲಿ ನಮ್ಮ ಕೈಗಳೂ ಇದ್ದವು. ಬಾರದವರ ಹೆಸರು ಬರೆದದ್ದು, ಬಂದವರ ಹೆಸರು ಬಿಟ್ಟದ್ದು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತ ಮನೆಗೆ ಬೀಗ ಹಾಕಿ ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರ ಮಕ್ಕಳು ನನ್ನ ಶಾಲೆಯ ಹಾಜರಿಯಲ್ಲಿ ಬರೀ ಹೆಸರಾಗಿ ಉಳಿದಿದ್ದಾರೆ. ಹಾಜರಿ ಕೂಗುವಾಗ ಆ ಹೆಸರುಗಳ ಹತ್ತಿರ ನನ್ನ ನಾಲಿಗೆ ಒಂದು ಗಳಿಗೆ ನಿಲ್ಲುತ್ತದೆ. ತಕ್ಕಡಿ ಯಾವ ಕಾಲಕ್ಕೂ ಪರರ ಕೈಯಲ್ಲೇ ಇದ್ದಾಗ ಅಪ್ಪನ ಕಥೆ ಒಬ್ಬ ಹಮಾಲನ ಕಥೆ ಆಗಿತ್ತು. ತಕ್ಕಡಿ ನಮ್ಮ ಕೈಗೆ ಬಂದ ದಿನ ಅದು ಚಳವಳಿಯ ಕಥೆ.

ಕ್ವೇಕರರ ಸಭೆಗಳಲ್ಲಿ ಇನ್ನೊಂದು ಪದ್ಧತಿಯಿದೆ. ಉಪದೇಶಕ್ಕೆ ಬದಲು ಕೆಲವು ಪ್ರಶ್ನೆಗಳನ್ನು ಓದುತ್ತಾರೆ, ಪ್ರತಿಯೊಬ್ಬರೂ ತಮ್ಮೊಳಗೆ ಉತ್ತರ ಹುಡುಕಿಕೊಳ್ಳಬೇಕು. ಎರವಲು ತರುವುದಿದ್ದರೆ ನಾನು ಅವರಿಂದ ಇದೊಂದನ್ನು ತರುತ್ತೇನೆ. ದೇವರನ್ನು ನಂಬುವವನೂ ನಂಬದವನೂ ಕೂತು ಕೇಳಿಕೊಳ್ಳಬಹುದಾದ ಪ್ರಶ್ನೆಗಳು. ಕೇರಿಯ ಸಭೆಯಲ್ಲಿ, ಶಿಕ್ಷಕರ ಕೂಟದಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ ಕೇಳಬಹುದು. ಭಾಷಣ ಮುಗಿದ ಮೇಲೆ ಅಲ್ಲ, ಶುರುವಾಗುವ ಮುಂಚೆ.

ಈ ವಾರ ಯಾರ ತಕ್ಕಡಿಯ ಕೆಳಗೆ ನಮ್ಮ ಪಾದ ಇತ್ತು?

ನಾವು ಬರೆದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ?

ನಮ್ಮ ಸಭೆಯ ಮೂಲೆಯಲ್ಲಿ ಕೂತ ಹೆಂಗಸು ಮಾತಾಡಲು ನಾವು ಎಷ್ಟು ಹೊತ್ತು ಕಾದೆವು?

ನಾವು ಬಿಟ್ಟುಕೊಟ್ಟದ್ದು ಅಂಜಿಕೆಯಿಂದಲೋ, ಕರುಣೆಯಿಂದಲೋ?

ಮೊದಲನೆಯ ಹೊಲ ಇನ್ನೂ ಇದೆ, ಕಾವಲುಗಾರನೂ ಇದ್ದಾನೆ. ಅಲ್ಲಿ ಹೋರಾಟ ನಿಲ್ಲಿಸುವ ಹಾಗಿಲ್ಲ. ಆದರೆ ಹೋರಾಡುತ್ತಲೇ ಎರಡನೆಯ ಹೊಲದ ದಾರಿಯನ್ನು ಮಕ್ಕಳಿಗೆ ತೋರಿಸಿಕೊಡಬೇಕು. ಹಕ್ಕು ಸಿಕ್ಕ ಮೇಲೆ ಅವರು ಹೋಗಿ ನಿಲ್ಲಬೇಕಾದ್ದು ಅಲ್ಲಿ.